ನಳದ ನೀರು, ದೇವರ ನೀರು

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುದುಕಿಯರು ಹಳೆಯದನ್ನು ನೆನೆಯುವಾಗ ಎಲ್ಲರನ್ನೂ ಕ್ಷಮಿಸಿ ಮೆತ್ತಗಾಗಿರುತ್ತಾರೆ ಎಂದು ಓದುವವರು ನಂಬಿರುತ್ತಾರೆ. ನಾನು ಮೆತ್ತಗಾಗಿಲ್ಲ. ಪುಣೆಯ ಆ ಮನೆಯ ನಳದ ನೀರಿನಲ್ಲಿ ಇಟ್ಟ ಬೇಳೆಯೂ ಮೆತ್ತಗಾಗುತ್ತಿರಲಿಲ್ಲ.

ದೊಡ್ಡ ಯುದ್ಧ ನಡೆದಿದ್ದ ವರ್ಷಗಳಲ್ಲಿ ನಾನು ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದೆ. ಮಾವನವರಿಗೆ ಖಡಕಿಯಲ್ಲಿ, ದಂಡಿನ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತಿಕೆ. ನನ್ನ ಗಂಡನಿಗೂ ಅಲ್ಲಿಯೇ ಕೆಲಸ. ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಉಂಡು ಸೈಕಲ್ ಹತ್ತಿದರೆ ಮನೆ ಸೇರುವುದು ಸಂಜೆಗೇ. ಅತ್ತೆ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಮನೆಯಲ್ಲಿದ್ದ ಇನ್ನೊಬ್ಬರೆಂದರೆ ಮಾವನವರ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ತಾಯಿಯಿಲ್ಲದ ನನ್ನ ಗಂಡನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ಅವನು ಅವರನ್ನು ಮರಾಠಿಯವರ ಹಾಗೆ ಆತ್ಯಾ ಎಂದು ಕರೆಯುತ್ತಿದ್ದ, ನಾನೂ ಹಾಗೇ ಕರೆದೆ. ಕೆಂಪು ಸೀರೆ, ಬೋಳು ತಲೆ, ಸಣ್ಣ ಮೈ. ಬೆಳಗಿನ ಅಡಿಗೆ ಮುಗಿಯುವವರೆಗೆ ಮಡಿಯಲ್ಲಿರುತ್ತಿದ್ದರು. ಆ ಹೊತ್ತಿನಲ್ಲಿ ಅವರ ಹತ್ತಿರ ಹೋಗುವ, ಅವರ ಪಾತ್ರೆ ಮುಟ್ಟುವ ಧೈರ್ಯ ಮನೆಯ ಗಂಡಸರಿಗೂ ಇರಲಿಲ್ಲ.

ಮನೆ ನದಿಯಾಚೆ, ಕೋಥರೂಡಕ್ಕೆ ಹೋಗುವ ದಾರಿಯಲ್ಲಿತ್ತು. ಮಾಲಕರೊಬ್ಬರು ಒಂದೇ ಸಾಲಿನಲ್ಲಿ ಎಂಟು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಊರಿನ ನೀರಿನ ಕೊಳವೆ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಅವರು ಬಂಡೆಗಲ್ಲು ಒಡೆಸಿ ದೊಡ್ಡ ಬಾವಿ ತೋಡಿಸಿ, ಎಣ್ಣೆಯ ಎಂಜಿನ್ ಕೂಡ್ರಿಸಿ, ಮೇಲೆ ಟಾಕಿ ಕಟ್ಟಿಸಿ, ಮನೆಮನೆಗೂ ನಳ ಕೊಟ್ಟಿದ್ದರು. ತವರಿನಲ್ಲಿ ನಾನು ಹಗ್ಗ ಜಗ್ಗಿ ಜಗ್ಗಿ ಅಂಗೈ ಒರಟಾದವಳು. ಅಡಿಗೆಮನೆಯಲ್ಲೇ ನಿಂತು ಕಿವಿ ತಿರುಗಿಸಿದರೆ ನೀರು ಬೀಳುವುದನ್ನು ಕಂಡು, ಬಂದ ವಾರದಲ್ಲೇ ಅವ್ವನಿಗೆ ಕಾಗದ ಬರೆದೆ. ಅದರಲ್ಲಿ ಗಂಡನ ವಿಷಯ ಎರಡು ಸಾಲು ಇತ್ತು, ನಳದ ವಿಷಯ ಒಂದು ಪುಟ.

ಎರಡನೆಯ ತಿಂಗಳಿಗೆ ಆ ನೀರಿನ ಬಣ್ಣ ತಿಳಿಯಿತು. ನೋಡಲು ಕನ್ನಡಿಯಂಥ ನೀರು, ಕುಡಿದರೂ ಕೆಟ್ಟ ರುಚಿಯಿಲ್ಲ. ಆದರೆ ನಳದ ಬಾಯಿಗೆ ಬಿಳಿ ಪೊರೆ ಕಟ್ಟುತ್ತಿತ್ತು. ಸ್ನಾನದ ಹಂಡೆಯ ಒಳಮೈಗೆ ಸುಣ್ಣ ಬಳಿದ ಹಾಗೆ ಗಟ್ಟಿ ಹಕ್ಕಳೆ ಏರಿ, ಒಂದು ಹಂಡೆ ನೀರು ಕಾಯಬೇಕಾದರೆ ಎರಡರಷ್ಟು ಕಟ್ಟಿಗೆ ಉರಿಯುತ್ತಿತ್ತು. ಯುದ್ಧದ ಕಾಲದಲ್ಲಿ ಸಾಬೂನು ಸಿಗುವುದೇ ಕಷ್ಟ. ಸಿಕ್ಕ ಒಂದು ತುಂಡನ್ನು ಈ ನೀರಿನಲ್ಲಿ ಉಜ್ಜಿದರೆ ನೊರೆಯ ಬದಲು ಒಡೆದ ಹಾಲಿನಂಥ ಗಸಿ ಬಟ್ಟೆಗೆ ಮೆತ್ತಿಕೊಳ್ಳುತ್ತಿತ್ತು. ಗಂಡಸರ ಧೋತರ ಒಣಗಿದ ಮೇಲೆ ಹಪ್ಪಳದ ಹಾಗೆ ನಿಲ್ಲುತ್ತಿದ್ದವು. ಶೀಗೆಕಾಯಿ ಹಚ್ಚಿ ತಲೆಗೆ ನೀರು ಹಾಕಿಕೊಂಡರೂ ನನ್ನ ಮಾರುದ್ದದ ಕೂದಲು ಅಂಟಂಟಾಗಿ ಹಣಿಗೆಯನ್ನು ಹಿಡಿದು ಬಿಡುತ್ತಿರಲಿಲ್ಲ. ಮಾಲಕರನ್ನು ಕೇಳಿದರೆ, ಕಲ್ಲಿನಲ್ಲಿ ಹುಟ್ಟಿದ ನೀರು, ಎಲುಬಿಗೆ ಬಲ ಎನ್ನುತ್ತಿದ್ದರು. ಅವರ ಮನೆ ಮಾತ್ರ ನದಿಯ ಈಚೆ, ಪೇಟೆಯಲ್ಲಿತ್ತು.

ಇವೆಲ್ಲ ತಡೆದುಕೊಳ್ಳುವಂಥವೇ. ಆದರೆ ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅದಕ್ಕೆ ಕಾರಣ ನೀರು ಎಂಬುದು ಮಾತ್ರ ನನಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆದೀತು? ಅದೇ ಮನೆಯಲ್ಲಿ, ಅದೇ ಡಬ್ಬಿಯ ತೊಗರಿಬೇಳೆ, ಅದೇ ಒಲೆಯ ಮೇಲೆ, ಆತ್ಯಾ ಇಟ್ಟರೆ ಬೆಣ್ಣೆಯಂತೆ ಬೇಯುತ್ತಿತ್ತು. ನಾನು ಇಟ್ಟರೆ ಎರಡು ತಾಸು ಕುದಿದರೂ ಕಾಳು ಕಾಳಾಗಿ ತಳದಲ್ಲಿ ಕೂತಿರುತ್ತಿತ್ತು. ನೀರು ಒಂದು ಕಡೆ, ಬೇಳೆ ಒಂದು ಕಡೆ. ಸೌಟಿನಿಂದ ಜಜ್ಜಿದರೆ ಬೆರಳಿಗೆ ಮರಳು ಸಿಕ್ಕ ಹಾಗೆ.

ನನಗೆ ಅಡಿಗೆಯ ಹುಚ್ಚೇನೂ ಇರಲಿಲ್ಲ. ಸೆರಗು ಸುಟ್ಟುಕೊಂಡು, ಕಣ್ಣು ಕೆಂಪು ಮಾಡಿಕೊಂಡು ನಾನು ಒಲೆಯ ಮುಂದೆ ಕೂತಿದ್ದಕ್ಕೆ ಬೇರೆಯೇ ಕಾರಣವಿತ್ತು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಮರಾಠಿಯೂ ಚೆನ್ನಾಗಿ ಬರುತ್ತಿತ್ತು. ಹೆಣ್ಣು ನೋಡಲು ಬಂದಾಗ ಮಾವನವರು ನನ್ನ ಅಪ್ಪನ ಎದುರಿಗೇ ಮಾತು ಕೊಟ್ಟಿದ್ದರು: ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಮಾಸ್ತರಿಕೆ ಕಲಿಸುವ ವರ್ಗ ಇದೆ, ಹುಡುಗಿಯನ್ನು ಅಲ್ಲಿಗೆ ಕಳಿಸುತ್ತೇವೆ. ಆ ಒಂದು ಮಾತಿಗಾಗಿ ನಾನು ಬೇರೆ ಎರಡು ಸಂಬಂಧ ಬಿಟ್ಟಿದ್ದೆ. ವರ್ಗ ಜೂನ್ ತಿಂಗಳಲ್ಲಿ ಸುರುವಾಗುತ್ತಿತ್ತು. ಯುಗಾದಿಯ ಮರುದಿನ ಧೈರ್ಯ ಮಾಡಿ ಆ ಮಾತು ನೆನಪಿಸಿದೆ.

ಮಾವನವರು ಗದರಿಸುವವರಲ್ಲ. ಕನ್ನಡಕ ಒರೆಸಿಕೊಳ್ಳುತ್ತ ನಿಧಾನವಾಗಿ ಹೇಳಿದರು. "ನೋಡವಾ, ಕೊಟ್ಟ ಮಾತು ನನಗ ನೆನಪದ. ಆದ್ರ ಮೊದಲ ಒಲಿ ನಿನ್ನ ಕೈಗೆ ಬರಲಿ. ಅಕ್ಷಯ ತದಿಗಿ ದಿವಸ ನೈವೇದ್ಯದ ಅಡಿಗಿ ನೀ ಒಬ್ಬಾಕೀನ ಮಾಡು. ಹೋಳಿಗಿ ಛಂದ ಆತು ಅಂದ್ರ ಜೂನ್‌ದಾಗ ಸಾಲಿಗೆ ಹೋಗು. ನಾನ ಬಂದು ಹೆಸರು ಹಚ್ಚಿಸ್ತೀನಿ."

ಇಷ್ಟೇನಾ ಎಂದುಕೊಂಡೆ. ಹೋಳಿಗೆ ಮಾಡಲು ಬಾರದ ಹೆಣ್ಣು ನಮ್ಮ ಕಡೆ ಇದ್ದಾಳೆಯೇ. ಅಂದಿನಿಂದ ದಿನ ಬಿಟ್ಟು ದಿನ ಅಡಿಗೆಯ ಪಾಳಿ ನನ್ನದಾಯಿತು, ಒಂದು ದಿನ ನಾನು, ಒಂದು ದಿನ ಆತ್ಯಾ.

ನನ್ನ ಪಾಳಿಯ ದಿನ ನಾನು ಕತ್ತಲಿರುವಾಗಲೇ ಮಿಂದು, ಮಡಿಯುಟ್ಟು, ನಳದ ಕೆಳಗೆ ಕೊಡ ಇಟ್ಟು ನೀರು ಹಿಡಿಯುತ್ತಿದ್ದೆ. ಬೇಳೆಯನ್ನು ನೆನೆಹಾಕಿ ನೋಡಿದೆ. ಎಣ್ಣೆ ಬಿಟ್ಟು ನೋಡಿದೆ. ಅರಿಶಿನ ಮೊದಲು ಹಾಕಿದೆ, ಆಮೇಲೆ ಹಾಕಿದೆ. ಅಡಿಗೆ ಸೋಡಾ ಒಂದು ಚಿಟಿಕೆ ಹಾಕುತ್ತೇನೆ ಎಂದರೆ, ಸೋಡಾ ಬಿದ್ದದ್ದು ದೇವರಿಗೆ ಬರುವುದಿಲ್ಲ ಎಂದು ಆತ್ಯಾ ತಡೆದರು. ಊಟಕ್ಕೆ ಕೂತಾಗ ಮಾವನವರು ಹುಳಿಯಲ್ಲಿನ ಕಾಳುಗಳನ್ನು ಎಲೆಯ ಅಂಚಿಗೆ ಸಾಲಾಗಿ ಇಡುತ್ತ ಹೋಗುತ್ತಿದ್ದರು. ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ನನ್ನ ಗಂಡನಿಗೆ ಎಲ್ಲವೂ ತಮಾಷೆ. "ನಿನ್ನ ಬ್ಯಾಳಿ ಪುಣ್ಯಾದಾಗ ಬೇಯೂದಿಲ್ಲ ಬಿಡು" ಎಂದು ನಕ್ಕ. ಮೊದಲನೆಯ ಸಲ ನಾನೂ ನಕ್ಕೆ. ಅವನು ಅದನ್ನು ದಿನ ಬಿಟ್ಟು ದಿನ ಹೇಳತೊಡಗಿದ ಮೇಲೆ ಅವನ ಎದುರಿಗೆ ಸೌಟು ಹಿಡಿದು ನಿಲ್ಲುವುದೇ ಬೇಡವೆನಿಸಿತು.

ಒಂದು ದಿನ ಮಾವನವರು ಯಾರಿಗೂ ಅಲ್ಲ ಎಂಬಂತೆ "ಕೈಗುಣ ಅಂತ ಒಂದು ಇರ್ತದ" ಎಂದರು. ಕೈಗುಣ ಇಲ್ಲ ಎಂದರೆ ಕಲಿತರೂ ಬರುವುದಿಲ್ಲ ಎಂದರ್ಥ. ಆ ಮಾತು ಎದೆಗೆ ನಾಟಿತು. ಅಂದು ನನ್ನನ್ನು ಸಮಾಧಾನ ಮಾಡಿದವರು ಆತ್ಯಾ. ಮಧ್ಯಾಹ್ನ ಮಡಿ ಬಿಚ್ಚಿದ ಮೇಲೆ ನನ್ನನ್ನು ಹಿತ್ತಿಲ ಕಟ್ಟೆಯ ಮೇಲೆ ಕೂಡ್ರಿಸಿಕೊಂಡು, ಅಂಟು ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದರು. ತಮ್ಮ ತಲೆಯಲ್ಲಿ ಇಲ್ಲದ ಕೂದಲನ್ನು ನನ್ನ ತಲೆಯಲ್ಲಿ ಅಷ್ಟು ಪ್ರೀತಿಯಿಂದ ಬಾಚುತ್ತಿದ್ದರು. "ಅಳಬ್ಯಾಡ ಮಗಳ. ನನ್ನ ಕೈ ಕುದರಲಿಕ್ಕೂ ವರ್ಷಾನಗಟ್ಟಲೆ ಹಿಡೀತು" ಎಂದರು. ಆ ಮನೆಯಲ್ಲಿ ನನ್ನವರು ಎಂದು ಯಾರಾದರೂ ಇದ್ದರೆ ಅವರೇ ಎಂದು ನಾನು ನಂಬಿದ್ದೆ. ಅವ್ವನಿಗೆ ಬರೆದ ಕಾಗದದಲ್ಲೂ ಹಾಗೇ ಬರೆದಿದ್ದೆ.

ಆತ್ಯಾಗೆ ಒಂದು ನೇಮವಿತ್ತು. ದಿನಾ ನಸುಕಿನಲ್ಲಿ ತಾಮ್ರದ ಬಿಂದಿಗೆ ತೆಗೆದುಕೊಂಡು ಸೇತುವೆ ದಾಟಿ ಪೇಟೆಯ ಗುಡಿಗೆ ಹೋಗುವರು. ಗುಡಿಯ ಪಕ್ಕದಲ್ಲಿ ಹಳೆಯ ಕಾಲದ ಹೌದು, ಎಂದರೆ ಕಲ್ಲು ಕಟ್ಟಿದ ನೀರಿನ ತೊಟ್ಟಿ ಇತ್ತು. ದೂರದ ಕೆರೆಯಿಂದ ನೆಲದೊಳಗಿನ ಕಾಲುವೆಯಲ್ಲಿ ಅದಕ್ಕೆ ನೀರು ಬರುತ್ತಿತ್ತು. ಅಲ್ಲಿ ಬಿಂದಿಗೆ ತುಂಬಿಕೊಂಡು ಬಂದು ದೇವರ ಕೋಣೆಯಲ್ಲಿ ಇಡುವರು. ನಳದೊಳಗೆ ಚರ್ಮದ ಚಕ್ಕೆ ಇರುತ್ತದೆ, ಆ ನೀರು ದೇವರ ಮೈಗೆ ಹಾಕಲು ಬರುವುದಿಲ್ಲ ಎಂಬುದು ಅವರು ಹೇಳಿದ ಕಾರಣ. ಹಾಗಾದರೆ ನೈವೇದ್ಯದ ಅಡಿಗೆಗೆ ನಳದ ನೀರು ಹೇಗೆ ನಡೆಯುತ್ತದೆ ಎಂದು ನಾನು ಒಮ್ಮೆ ಕೇಳಿದ್ದೆ. "ಅಡಿಗಿಗೆ ಬೆಂಕಿ ತಾಗ್ತದಲ್ಲ, ಶುದ್ಧ ಆಗ್ತದ. ಆದ್ರ ದೇವರ ನೀರು ಬ್ಯಾರೆ ಯಾವುದಕ್ಕೂ ಮುಟ್ಟಬಾರದು, ಪಾಪ ಬರ್ತದ" ಎಂದರು. ಇಂಥ ನೇಮವನ್ನು ನಾನು ತವರಿನಲ್ಲಿ ಕೇಳಿರಲಿಲ್ಲ. ಆದರೂ ನಂಬಿದೆ. ಮಡಿಯ ವಿಷಯದಲ್ಲಿ ಹಿರಿಯರನ್ನು ಮರುಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಹೆಬ್ಬೆರಳಷ್ಟು ದೇವರಿಗೆ ಒಂದು ಬಿಂದಿಗೆ ನೀರು ಏಕೆ ಬೇಕು ಎಂಬುದೂ ಮುಲ್ಕಿ ಪಾಸಾದ ನನ್ನ ತಲೆಗೆ ಹೊಳೆಯಲಿಲ್ಲ.

ಅಕ್ಷಯ ತದಿಗೆ ಬಂತು. ಮಾವನವರು ಕಚೇರಿಯ ಇಬ್ಬರು ಧಾರವಾಡದವರನ್ನು ಊಟಕ್ಕೆ ಕರೆದಿದ್ದರು. ಅಂದು ಬೆಳಿಗ್ಗೆ ಎಂಜಿನ್ ತಡವಾಗಿ ಸುರುವಾಗಿ ನಳ ಬಂದಿರಲಿಲ್ಲ. ಕಡಲೆಬೇಳೆ ತೊಳೆದಿಟ್ಟುಕೊಂಡು ಒಲೆ ಹೊತ್ತಿಸಿ ಕಾಯುತ್ತ ಕೂತಿದ್ದೆ. ದೇವರ ಕೋಣೆಯ ಬಾಗಿಲಲ್ಲಿ ಆತ್ಯಾ ಹೂಬತ್ತಿ ಹೊಸೆಯುತ್ತಿದ್ದರು. ಅವರ ಹಿಂದೆ ತುಂಬಿದ ಬಿಂದಿಗೆ ಇತ್ತು, ನಾನು ಕೂತಲ್ಲಿಂದ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ.

"ಆತ್ಯಾ, ಹೊತ್ತಾಗ್ಲಿಕ್ಕತ್ತೇದ. ಈ ಹೊತ್ತೊಂದಿನ ದೇವರ ನೀರಾಗ ಬ್ಯಾಳಿ ಇಡ್ಲ್ಯಾ?" ಎಂದು ಕೇಳಿದೆ.

ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಬಿಂದಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅಷ್ಟು ಹೊತ್ತು ಯೋಚನೆ ಮಾಡುವಂಥದ್ದು ಅದರಲ್ಲಿ ಏನಿದೆ ಎಂದು ನನಗೆ ಅಂದು ಅನಿಸಿತ್ತು. ಕಡೆಗೆ ಹೇಳಿದರು. "ಬ್ಯಾಡ ಮಗಳ. ನಳ ಇನ್ನೇನು ಬರ್ತದ."

ನಳ ಬಂತು. ಬೇಳೆ ಇಟ್ಟೆ. ಮುಂದಿನದನ್ನು ಹೆಚ್ಚು ಬರೆಯಲಾರೆ. ಮೂರು ತಾಸು ಕುದಿಸಿದ ಮೇಲೂ ಕಡಲೆಬೇಳೆ ಬೆರಳಿನಲ್ಲಿ ಹಿಚುಕಲು ಬರಲಿಲ್ಲ. ಬೆಲ್ಲ ಹಾಕಿದ ಮೇಲಂತೂ ಇನ್ನಷ್ಟು ಬಿರುಸಾಯಿತು. ಒರಳಿನಲ್ಲಿ ಹಾಕಿ ರುಬ್ಬಿ ರುಬ್ಬಿ ರಟ್ಟೆ ಬಿದ್ದುಹೋದವು, ಹೂರಣ ಮಾತ್ರ ತರಿತರಿಯಾಗಿಯೇ ಉಳಿಯಿತು. ಲಟ್ಟಿಸಿದರೆ ಆ ತರಿ ಕಣಕವನ್ನು ಹರಿದುಕೊಂಡು ಹೊರಗೆ ಬಂದು ಹಂಚಿಗೆ ಹತ್ತಿ ಕರಕಾಗುತ್ತಿತ್ತು. ಬೇಳೆ ಬೇಯದ್ದರಿಂದ ಕಟ್ಟೂ ಇಳಿಯಲಿಲ್ಲ. ಕಟ್ಟಿನ ಸಾರು ಮೆಣಸಿನ ನೀರಾಯಿತು. ಬಂದವರು ಮರ್ಯಾದಸ್ಥರು, ಹಾಲು ತುಪ್ಪ ಸುರಿದುಕೊಂಡು ಒಂದೊಂದು ಹರಕು ಹೋಳಿಗೆ ತಿಂದರು. ಹೊರಡುವಾಗ ಅವರಲ್ಲೊಬ್ಬರು ನನ್ನ ಮಾವನವರ ಭುಜ ತಟ್ಟಿದ್ದನ್ನು ಬಾಗಿಲ ಸಂದಿನಿಂದ ಕಂಡೆ. ಸತ್ತವರ ಮನೆಯಲ್ಲಿ ತಟ್ಟುವ ಹಾಗೆ ತಟ್ಟಿದರು.

ಮಾವನವರು ನನ್ನನ್ನು ಕರೆದು ಹೇಳಿದ್ದು ಇಷ್ಟು. "ಈ ವರ್ಷ ಇರಲಿ ತಂಗಿ. ಮನಸು ಪುಸ್ತಕದ ಮ್ಯಾಲ ಇದ್ರ ಕೈ ಒಲಿ ಮ್ಯಾಲ ಕೂಡೂದಿಲ್ಲ."

ಜೂನ್ ಬಂತು, ಹೋಯಿತು. ವರ್ಗಕ್ಕೆ ಹೋಗುವ ಹುಡುಗಿಯರು ಛತ್ರಿ ಹಿಡಿದುಕೊಂಡು ನಮ್ಮ ಸಾಲಿನ ಮುಂದೆಯೇ ಹಾದು ಹೋಗುತ್ತಿದ್ದರು. ಆ ಹೊತ್ತಿಗೆ ನಾನು ಮುಂಬಾಗಿಲು ಹಾಕಿಕೊಳ್ಳುತ್ತಿದ್ದೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಮರಾಠಿ ಬಾಯಿ ಹಿತ್ತಿಲ ಗೋಡೆಯ ಮೇಲಿಂದ ಒಂದು ಬಟ್ಟಲು ಕೊಟ್ಟರು. ಪುರಣಪೋಳಿಯ ಜೊತೆ ಮಾಡುವ ಕಟಾಚಿ ಆಮಟಿ, ನಮ್ಮ ಕಟ್ಟಿನ ಸಾರಿನ ತಂಗಿ ಇದ್ದ ಹಾಗೆ. ಒಂದು ಗುಟುಕು ಕುಡಿದೆ. ಗಟ್ಟಿಯಾಗಿ, ನುಣ್ಣಗೆ, ಕಟ್ಟು ಪೂರ್ತಿ ಇಳಿದಿತ್ತು. ಅವರ ಮನೆಯ ನಳವೂ ಅದೇ ಟಾಕಿಯದು. ನನಗೆ ತಡೆಯಲಾಗಲಿಲ್ಲ. ನನ್ನ ಕೈಗುಣವೇ ಸರಿಯಿಲ್ಲ ಎಂದು ಅವರ ಮುಂದೆ ಅತ್ತುಬಿಟ್ಟೆ.

ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಕೈಗೆ ಏನಾಗಿದೆ ಸೊಸೆಮ್ಮಾ? ಈ ನಳದ ನೀರು ಜಡ. ಇದರಲ್ಲಿ ಯಾರು ಇಟ್ಟರೂ ಬೇಳೆ ಬೇಯುವುದಿಲ್ಲ. ನಾವು ಬಂದ ಹೊಸತರಲ್ಲಿ ನಾನೂ ಹೀಗೇ ಅಳುತ್ತಿದ್ದೆ. ನಿಮ್ಮ ಆತ್ಯಾಬಾಯಿಯೇ ಹೇಳಿಕೊಟ್ಟರು, ಬೇಳೆಗೆ ಮಾತ್ರ ಪೇಟೆಯ ಹೌದಿನ ನೀರು ತರಿಸಿಕೋ ಅಂತ. ಅಂದಿನಿಂದ ನಮ್ಮ ಮನೆಯವರು ಸೈಕಲ್ ಮೇಲೆ ಒಂದು ಡಬ್ಬಿ ತರುತ್ತಾರೆ. ನಿನಗೆ ಹೇಳಿಲ್ಲವೇ?"

ಬಟ್ಟಲು ಕೈಯಲ್ಲೇ ಇತ್ತು. ಹೇಳಿದ್ದಾರೆ, ನಾನೇ ಮರೆತಿದ್ದೆ ಎಂದು ಸುಳ್ಳು ಹೇಳಿ ಒಳಗೆ ಬಂದೆ. ಮನೆಯ ಮಾನ ಕಾಯುವುದು ಅಷ್ಟು ಅಭ್ಯಾಸವಾಗಿಹೋಗಿತ್ತು.

ಆಮೇಲೆ ಒಂದೊಂದೇ ಕಣ್ಣಿಗೆ ಕಟ್ಟಿತು. ಅವರ ಪಾಳಿಯ ದಿನ ಮಡಿಯೆಂದು ನಾನು ಅಡಿಗೆಮನೆಯ ಹೊರಗೇ ಇರುತ್ತಿದ್ದೆ, ಬಿಂದಿಗೆ ಮಧ್ಯಾಹ್ನದೊಳಗೆ ಖಾಲಿಯಾಗಿ ಬೋರಲು ಬಿದ್ದಿರುತ್ತಿತ್ತು. ನನ್ನ ಪಾಳಿಯ ದಿನ ಪೂಜೆ ಮುಗಿಸಿ, ಉಳಿದ ನೀರನ್ನೆಲ್ಲ ಅವರು ತುಳಸಿಗೆ ಸುರಿಯುತ್ತಿದ್ದರು. ನಾನು ಒಳಗೆ ಒಲೆ ಊದುತ್ತಿದ್ದಾಗ, ನನ್ನ ಬೇಳೆಗೆ ಬೇಕಾಗಿದ್ದ ನೀರು ಹೊರಗೆ ಗಿಡದ ಬುಡಕ್ಕೆ ಹೋಗುತ್ತಿತ್ತು. ಪರರ ಮನೆಯ ಹೆಂಗಸಿಗೆ ಗೋಡೆ ಬಗ್ಗಿ ಹೇಳಿಕೊಟ್ಟದ್ದನ್ನು, ಮಗಳ, ಮಗಳ ಎಂದು ತಾವೇ ತಲೆ ಬಾಚಿದ ನನಗೆ ಹೇಳಲಿಲ್ಲ. ಮೊದಲು ಪಾಪದ ಹೆಸರಿನಲ್ಲಿ ಮುಚ್ಚಿಟ್ಟರು, ಅಕ್ಷಯ ತದಿಗೆಯ ದಿನ ನಾನು ಬಾಯಿಬಿಟ್ಟು ಕೇಳಿದಾಗಲೂ ನಳ ಬರುತ್ತದೆ ಎಂದು ತಡೆದರು. ನನಗೆ ಮೋಸವಾಗಿತ್ತು. ಆ ಶಬ್ದಕ್ಕೆ ಅದಕ್ಕಿಂತ ಮೊದಲು ನನ್ನ ಬದುಕಿನಲ್ಲಿ ಕೆಲಸವಿರಲಿಲ್ಲ.

ಆತ್ಯಾ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಗಂಡಸರು ಖಡಕಿಯಲ್ಲಿ. ನಾನು ಎದುರಿಗೆ ನಿಂತು ಕೇಳಿದೆ. "ಬ್ಯಾಳಿ ಯಾವ ನೀರಾಗ ಬೇಸ್ತೀರಿ, ಆತ್ಯಾ?"

ಅವರು ಸುಳ್ಳು ಹೇಳಲಿಲ್ಲ. ಮೊರದಲ್ಲಿನ ಅಕ್ಕಿಯನ್ನು ಒಂದು ಕಡೆ ಸರಿಸಿ, "ಹೌದಿನ ನೀರಾಗ" ಎಂದರು.

"ನನಗ ಯಾಕ ಹೇಳ್ಲಿಲ್ರಿ? ನಾ ನಿಮಗ ಏನ್ ಮಾಡಿದ್ದೆ?"

"ನೀ ಏನೂ ಮಾಡಿಲ್ಲ." ಅವರ ದನಿ ಏರಲಿಲ್ಲ. "ನಿನಗ ಅವ ಏನ್ ಹೇಳ್ಯಾನ? ಹೋಳಿಗಿ ಛಂದ ಆದ್ರ ಸಾಲಿಗೆ ಕಳಸ್ತೀನಿ ಅಂತ, ಹೌದಲ್ಲ? ನನಗ ಏನ್ ಹೇಳ್ಯಾನ ಗೊತ್ತದ? ಸೊಸಿ ಕೈಗೆ ಒಲಿ ಬಂದ ಮ್ಯಾಲ ನೀ ಬೈಲಹೊಂಗಲದ ಸಣ್ಣ ತಮ್ಮನ ಮನಿಗೆ ಹೋಗು, ಒಂದ ಒಲಿಗೆ ಎರಡು ಹೆಂಗಸರು ಯಾಕ, ಅಂದಾನ. ಅಲ್ಲಿ ನನಗ ಯಾರದಾರ? ಅವನ ಹೆಂಡ್ತಿ ನನ್ನ ಮಾರಿ ನೋಡೂದಿಲ್ಲ. ಹದಿನೆಂಟು ವರ್ಷ ಈ ಒಲಿ ಮುಂದ ಕೂತೀನಿ. ಇದು ಬಿಟ್ರ ನನಗ ಕೂಡ್ಲಿಕ್ಕೆ ಎಲ್ಲೂ ಜಾಗಾ ಇಲ್ಲ."

ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಛತ್ರಿ ಹಿಡಿದು ಹೋಗುತ್ತಿದ್ದ ಆ ಹುಡುಗಿಯರು. "ನನಗ ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲರಿ" ಎಂದೆ.

"ಆಗ ಹೇಳೂ ಧೈರ್ಯ ಆಗ್ಲಿಲ್ಲ. ಈಗ ಹೇಳ್ತೀನಿ ಕೇಳು." ಆತ್ಯಾ ನನ್ನ ಸೆರಗಿನ ತುದಿ ಹಿಡಿದರು. "ಬರೂ ಜೂನ್‌ದಾಗ ನೀ ಸಾಲಿಗೆ ಹೋಗು. ಒಲಿ ನಾ ನೋಡ್ಕೋತೀನಿ. ಇಬ್ಬರೂ ಕೂಡಿ ಅವನ್ನ ಕೇಳೂಣು. ಇಬ್ಬರೂ ಎದುರಿಗೆ ನಿಂತ್ರ ಅವ ಇಲ್ಲ ಅನ್ನೂದಿಲ್ಲ."

ಸೆರಗು ಜಗ್ಗಿಕೊಂಡೆ. ನನ್ನನ್ನು ಮೂರ್ಖಳನ್ನಾಗಿ ಮಾಡಿದವರ ಜೊತೆ ಕೂಡಿ ನಾನು ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂದೆ. ಇನ್ನೂ ಏನೇನೋ ಅಂದೆ, ಅನ್ನಬಾರದ್ದನ್ನೂ ಅಂದೆ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿದ್ದಿದ್ದರೆ ಇನ್ನೊಬ್ಬರ ಮಗಳಿಗೆ ಹೀಗೆ ಮಾಡುತ್ತಿರಲಿಲ್ಲ ಎಂದೆ. ಆತ್ಯಾ ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದರು.

ಮರುದಿನ ನನ್ನ ಪಾಳಿ. ನಸುಕಿನಲ್ಲಿ ನಾನೂ ಒಂದು ಕೊಡ ತೆಗೆದುಕೊಂಡು ಸೇತುವೆ ದಾಟಿದೆ. ಆತ್ಯಾ ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದರು. ಇಬ್ಬರೂ ಒಂದೇ ಹೌದಿನಲ್ಲಿ ನೀರು ತುಂಬಿಕೊಂಡೆವು, ಹಾಗೇ ಹತ್ತು ಹೆಜ್ಜೆ ಅಂತರದಲ್ಲಿ ಮರಳಿ ಬಂದೆವು. ನನ್ನ ಬೇಳೆ ಒಂದೇ ತಾಸಿನಲ್ಲಿ ಕರಗಿಹೋಯಿತು. ಮಾವನವರು ಹುಳಿ ಎರಡನೆಯ ಸಲ ಹಾಕಿಸಿಕೊಂಡು, "ಕೈ ಕುದರಿತು ನೋಡು" ಎಂದರು. ಎಲೆಯ ಅಂಚಿನಲ್ಲಿ ಒಂದು ಕಾಳೂ ಇರಲಿಲ್ಲ. ಆತ್ಯಾ ಬಾಗಿಲಲ್ಲಿ ನಿಂತಿದ್ದರು. ನಾನು ಬೇಕೆಂದೇ ಅವರ ಮುಖ ನೋಡಿದೆ. ಗೆದ್ದೆನೆಂಬ ಸಂತೋಷ ನನಗಾಗಿತ್ತು, ಇದನ್ನೇಕೆ ಮುಚ್ಚಿಡಲಿ.

ನೀರಿನ ಗುಟ್ಟನ್ನು ನಾನು ಮಾವನವರಿಗೆ ಹೇಳಲಿಲ್ಲ. ಹೇಳಿದ್ದರೆ ಕೈಗುಣದ ಹೆಸರು ನನಗೆ ಸಿಗುತ್ತಿರಲಿಲ್ಲ. ಆತ್ಯಾ ಕೂಡ ಹೇಳಲಿಲ್ಲ. ದಸರೆಗೆ ಹೋಳಿಗೆ ಮಾಡಿದೆ, ಅಕ್ಷಯ ತದಿಗೆಗೆ ಬಂದ ಅದೇ ಇಬ್ಬರು ಬಂದು ಹೊಟ್ಟೆ ತುಂಬ ಉಂಡು ಹೊಗಳಿದರು. ಅದಾದ ಎಂಟು ದಿನಕ್ಕೆ ನನ್ನ ಗಂಡ ಆತ್ಯಾರನ್ನು ಬೈಲಹೊಂಗಲಕ್ಕೆ ಬಿಟ್ಟು ಬರಲು ಹೊರಟ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಇಷ್ಟೇ. ಟಾಂಗಾ ಹತ್ತುವ ಮುಂಚೆ ನನ್ನನ್ನು ಕರೆದು, "ಹೌದಿನ ದಾರಿ ಮಳಿಗಾಲದಾಗ ಜಾರ್ತದ, ಹುಷಾರಿಲೆ ಹೋಗು" ಎಂದರು. ನಾನು ತಲೆಯಾಡಿಸಿದೆ, ಕಾಲಿಗೆ ಬೀಳಲಿಲ್ಲ. ಅದೇ ಮಾಘದಲ್ಲಿ ಅವರು ಹೋದರು ಎಂದು ಕಾರ್ಡು ಬಂತು. ಮಾವನವರು ಸ್ನಾನ ಮಾಡಿ ಬಂದು, ಮೂಲೆಗೆ ಮುಖ ಮಾಡಿ ಬಹಳ ಹೊತ್ತು ಕೂತರು. ನಾನು ಅಳಲಿಲ್ಲ. ನನ್ನೊಳಗೆ ಇನ್ನೂ ತುಳಸಿಯ ಬುಡಕ್ಕೆ ನೀರು ಸುರಿಯುವ ಸದ್ದೇ ಕೇಳುತ್ತಿತ್ತು.

ಮೇ ತಿಂಗಳಲ್ಲಿ ನಾನೇ ಪೇಟೆಗೆ ಹೋಗಿ ವರ್ಗದ ಅರ್ಜಿ ತಂದೆ. ಹೆಸರು, ವಯಸ್ಸು, ಮುಲ್ಕಿ ಪಾಸಾದ ವಿವರ ಎಲ್ಲ ತುಂಬಿದೆ. ಕೆಳಗೆ ಮನೆಯ ಹಿರಿಯರ ಸಹಿಗೆ ಜಾಗವಿತ್ತು. ಒಂದು ಬೆಳಿಗ್ಗೆ ಊಟವಾದ ಮೇಲೆ, ಮಾವನವರು ರುಮಾಲು ಸುತ್ತಿಕೊಳ್ಳುತ್ತಿದ್ದಾಗ, ಅರ್ಜಿಯನ್ನೂ ಬರೆಯುವ ಟಾಕು, ಮಸಿಯ ದೌತಿ ಎರಡನ್ನೂ ಅವರ ಮುಂದೆ ಇಟ್ಟೆ. ನನ್ನ ಗಂಡ ಹೊರಗೆ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಎಲ್ಲ ಮಾತೂ ಅವನಿಗೆ ಕೇಳಿಸುತ್ತಿತ್ತು, ಗಾಳಿ ಹಾಕುವುದನ್ನು ಮಾತ್ರ ಅವನು ನಿಲ್ಲಿಸಲಿಲ್ಲ.

ಮಾವನವರು ಅರ್ಜಿಯನ್ನು ಪೂರ್ತಿ ಓದಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ನಿಜವಾದ ಬೇಸರವೇ ಇತ್ತು. "ಅಕ್ಷರ ಎಷ್ಟ ಛಂದ ಅದಾವ" ಎಂದರು. ಆಮೇಲೆ ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

"ಹನ್ನೊಂದರಿಂದ ಐದರ ತನಕಾ ಮನ್ಯಾಗ ಯಾರಿರ್ತಾರವಾ? ಅಕ್ಕ ಇದ್ದಿದ್ರ ನಿಶ್ಚಿಂತಿಲೆ ಕಳಸ್ತಿದ್ದೆ."